ತುರ್ಕಿ ಊಟವೂ ನಮ್ಮ ಬಹಿಷ್ಕಾರವೂ



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಹಳೆಯ ನೆನಪುಗಳನ್ನು ಬರೆಯುತ್ತೇನೆ. ಇಂದಿನದು ನೆನಪಲ್ಲ, ಜಗಳ. ಯಾರೊಡನೆ ಜಗಳವೋ ಅವರಲ್ಲಿ ಹೆಚ್ಚಿನವರು ಇದನ್ನು ಓದುವವರೇ ಆದ್ದರಿಂದ ಬೆನ್ನ ಹಿಂದೆ ಆಡಿಕೊಂಡೆನೆಂಬ ಮಾತು ಬಾರದು. ಓದಿ ಮುಗಿಸುವವರೆಗೆ ಸಿಟ್ಟನ್ನು ತಡೆದುಕೊಳ್ಳಬೇಕೆಂದು ಮಾತ್ರ ಕೋರುತ್ತೇನೆ.

2025ರ ಮೇ ತಿಂಗಳ ಕೊನೆಯ ಭಾನುವಾರ ನಾನು, ನನ್ನ ಮನೆಯಾಕೆ, ಮಗಳು ಮತ್ತು ಮೊಮ್ಮಗಳು ಬಟವಾಡಿಯಿಂದ ಬೆಂಗಳೂರಿಗೆ ಹೋಗಿ ಒಂದು ತುರ್ಕಿ ಭೋಜನಾಲಯದಲ್ಲಿ ಊಟ ಮಾಡಿದೆವು. ಕರೆದವನು ನನ್ನ ಹಳೆಯ ವಿದ್ಯಾರ್ಥಿ. ಆ ಅಡುಗೆಮನೆಯ ಹಿರಿಯ ಬಾಣಸಿಗ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ದುಬೈಗೆ ಹೋಗಿ, ಪಾತ್ರೆ ತೊಳೆಯುವ ಕೆಲಸದಿಂದ ಆರಂಭಿಸಿ, ಒಬ್ಬ ತುರ್ಕಿ ಅಡುಗೆಯವನ ಕೈಕೆಳಗೆ ಹನ್ನೊಂದು ವರ್ಷ ದುಡಿದು ವಿದ್ಯೆ ಕಲಿತವನು. ಏಪ್ರಿಲ್ ಮೊದಲ ವಾರದಲ್ಲಿ ನಮ್ಮ ಮನೆಗೆ ಬಂದು, "ಸಾರ್, ನೀವು ಕಲಿಸಿದ್ದು ನನ್ನ ತಲೆಗೆ ಹತ್ತಲಿಲ್ಲ. ನಾನು ಕಲಿತದ್ದನ್ನು ಒಂದು ದಿನ ನೀವು ಉಂಡು ನೋಡಬೇಕು" ಎಂದ. ಮೂವತ್ತು ವರ್ಷಗಳ ಮೇಷ್ಟ್ರಗಿರಿಯಲ್ಲಿ ನನಗೆ ಸಿಕ್ಕ ಆಹ್ವಾನಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಅವನ ಹೆಸರನ್ನು ಬರೆಯುವುದಿಲ್ಲ. ಬರೆದರೆ ನೀವು ಆ ಹೆಸರಿನಲ್ಲಿ ಜಾತಿ, ಮತಗಳನ್ನು ಹುಡುಕುತ್ತೀರಿ. ಅದು ಸಿಕ್ಕ ಕ್ಷಣವೇ ನನ್ನ ವಾದವನ್ನು ಕೇಳುವುದನ್ನು ನಿಲ್ಲಿಸುತ್ತೀರಿ, ಇಲ್ಲವೇ ತಪ್ಪು ಕಾರಣಕ್ಕೆ ಒಪ್ಪಿಕೊಳ್ಳುತ್ತೀರಿ.

ಹೊರಡಬೇಕಾಗಿದ್ದವರು ಎಂಟು ಮಂದಿ. ಹಿಂದಿನ ರಾತ್ರಿ ಕುಣಿಗಲ್ಲಿನ ನಮ್ಮ ಭಾವನವರು ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ, "ಶತ್ರುವಿನ ಊಟ ನಮಗೆ ಬೇಡ" ಎಂದು ಬರೆದರು. ಅರ್ಧ ಗಂಟೆಯೊಳಗೆ ನಾಲ್ವರು ಹಿಂದೆ ಸರಿದರು. ಗುಬ್ಬಿಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ನನಗೇ ಪ್ರತ್ಯೇಕವಾಗಿ, "ಸಾರ್, ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ" ಎಂದು ಬರೆದ. ನಾವು ಅಲ್ಲಿಗೆ ಹೋದಾಗ ಹೊರಗಿನ ನಾಮಫಲಕದಲ್ಲಿ 'ತುರ್ಕಿ' ಎಂಬ ಪದದ ಮೇಲೆ ಬಟ್ಟೆಯೊಂದನ್ನು ಕಟ್ಟಿದ್ದರು. ಒಳಗೆ ಮೇಜಿನ ಮೇಲೆ ಎಂಟು ತಟ್ಟೆಗಳನ್ನು ಇಟ್ಟಿದ್ದರು. ಉಳಿದವರು ಬರಲಿಲ್ಲವೆಂದು ನಾನು ತಡವರಿಸುತ್ತಾ ಹೇಳಿದೆ. ಅವನು ಕಾರಣ ಕೇಳಲಿಲ್ಲ. ತಾನೇ ನಾಲ್ಕು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಒಳಗೆ ಹೋದ.

ನಾವು ಉಂಡದ್ದೇನು? ಚನ್ನಂಗಿ ಬೇಳೆಯನ್ನು ಬೇಯಿಸಿ ಕಡೆದು, ನಿಂಬೆಹುಳಿ ಹಿಂಡಿದ ಸಾರು. ಸೌತೆಕಾಯಿ, ಬೆಳ್ಳುಳ್ಳಿ, ಪುದೀನ ಹಾಕಿದ ಮೊಸರು; ಅಲ್ಲಿ ಅದನ್ನು ಜಾಜಿಕ್ ಎನ್ನುತ್ತಾರೆ, ನಮ್ಮಲ್ಲಿ ಮೊಸರುಬಜ್ಜಿ. ಗೋಧಿಯನ್ನು ಬೇಯಿಸಿ ಒಣಗಿಸಿ ಒಡೆದ ನುಚ್ಚಿನ ಅನ್ನ. ಬದನೆಕಾಯಿಯ ಹೊಟ್ಟೆಗೆ ಈರುಳ್ಳಿ, ಟೊಮ್ಯಾಟೊ ತುಂಬಿ ಎಣ್ಣೆಯಲ್ಲಿ ಬೇಯಿಸಿದ ಒಂದು ಪದಾರ್ಥ. ಅದರ ಹೆಸರು ಇಮಾಂ ಬಾಯಿಲ್ದಿ, ಅಂದರೆ 'ಇಮಾಮರು ಮೂರ್ಛೆಹೋದರು' ಎಂದು. ನನ್ನ ಮನೆಯಾಕೆ ಒಂದು ತುತ್ತು ಬಾಯಿಗಿಟ್ಟು, "ಇದು ಎಣ್ಣೆಗಾಯಿಯ ದಾಯಾದಿ, ಖಾರ ಕಡಿಮೆ" ಎಂದು ತೀರ್ಪು ಕೊಟ್ಟಳು. ಕುಡಿಯಲು ಉಪ್ಪು ಹಾಕಿದ ಆಯ್ರಾನ್, ಎಂದರೆ ಮಜ್ಜಿಗೆ. ಇಂಗ್ಲಿಷಿನವರು ಮೊಸರಿಗೆ ಹೇಳುವ ಯೋಗರ್ಟ್ ಎಂಬ ಪದವೂ ತುರ್ಕಿ ಭಾಷೆಯದೇ. ಭಾವನವರು ಭಯಪಟ್ಟ ಶತ್ರುವಿನ ಊಟ ಇಷ್ಟೇ.

ಈಗ ಆಕ್ಷೇಪಗಳಿಗೆ ಬರುತ್ತೇನೆ.

ಮೊದಲನೆಯದು ದೇಶಾಭಿಮಾನದ ಆಕ್ಷೇಪ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿಯನ್ನು ಕೊಂದರು. ಶಿವಮೊಗ್ಗಕ್ಕೂ ಬೆಂಗಳೂರಿಗೂ ಶವಪೆಟ್ಟಿಗೆಗಳು ಬಂದವು. ಮೇ 7ರಂದು ನಮ್ಮ ಸೇನೆ ಕಾರ್ಯಾಚರಣೆಗಿಳಿದಾಗ ತುರ್ಕಿಯ ಸರ್ಕಾರ ಪಾಕಿಸ್ತಾನದ ಪರವಾಗಿ ನಿಂತಿತು. ಪಾಕಿಸ್ತಾನ ಹಾರಿಸಿದ ಡ್ರೋನ್‌ಗಳಲ್ಲಿ ತುರ್ಕಿಯಲ್ಲಿ ತಯಾರಾದವೂ ಇದ್ದವೆಂದು ನಮ್ಮ ಸರ್ಕಾರವೇ ಹೇಳಿತು. 2023ರ ಫೆಬ್ರುವರಿಯ ಭೂಕಂಪದಲ್ಲಿ ಭಾರತ 'ಆಪರೇಷನ್ ದೋಸ್ತ್' ಹೆಸರಿನಲ್ಲಿ ಅವರಿಗೆ ರಕ್ಷಣಾ ಪಡೆಗಳನ್ನೂ ಸೇನೆಯ ಆಸ್ಪತ್ರೆಯನ್ನೂ ಕಳುಹಿಸಿದ್ದನ್ನು ನೆನೆದರೆ ಮನಸ್ಸಿಗೆ ನೋವಾಗುವುದು ಸಹಜ. ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡುತ್ತಿದ್ದ ಚೆಲೆಬಿ ಎಂಬ ತುರ್ಕಿ ಮೂಲದ ಸಂಸ್ಥೆಯ ಭದ್ರತಾ ಅನುಮತಿಯನ್ನು ಮೇ 15ರಂದು ಕೇಂದ್ರ ಸರ್ಕಾರ ರದ್ದುಮಾಡಿತು. ಜುಲೈ 7ರಂದು ದೆಹಲಿ ಉಚ್ಚ ನ್ಯಾಯಾಲಯ ಆ ಸಂಸ್ಥೆಯ ಅರ್ಜಿಯನ್ನು ವಜಾ ಮಾಡಿತು. ಇದರಲ್ಲಿ ನನ್ನ ತಕರಾರಿಲ್ಲ. ತುರ್ಕಿಯ ಸೇಬನ್ನು ಕೊಳ್ಳುವುದಿಲ್ಲ, ಇಸ್ತಾಂಬುಲ್ ಪ್ರವಾಸಕ್ಕೆ ಹೋಗುವುದಿಲ್ಲ ಎಂದವರೊಡನೆಯೂ ನನ್ನ ಜಗಳವಿಲ್ಲ. ಆ ಹಣ ನಿಜವಾಗಿಯೂ ಅಲ್ಲಿಗೆ ಹೋಗುತ್ತದೆ.

ಆದರೆ ನಾವು ಉಂಡ ಊಟದ ಹಣ ಎಲ್ಲಿಗೆ ಹೋಯಿತು? ಮಾಲೀಕರು ಬೆಂಗಳೂರಿನವರು. ಬಾಣಸಿಗ ನಮ್ಮ ಜಿಲ್ಲೆಯವನು. ಬಡಿಸಿದ ಹುಡುಗರಲ್ಲಿ ಇಬ್ಬರು ಈಶಾನ್ಯ ರಾಜ್ಯದವರು, ಒಬ್ಬ ರಾಯಚೂರಿನವನು. ಬದನೆಕಾಯಿ, ಮೊಸರು, ಬೇಳೆ ಎಲ್ಲವೂ ಇಲ್ಲಿಯ ಮಾರುಕಟ್ಟೆಯವು. ತೆರಿಗೆ ಸಂದಾಯವಾದದ್ದು ನಮ್ಮ ಸರ್ಕಾರಕ್ಕೆ. ಅಂಕಾರಾದಲ್ಲಿ ಕುಳಿತ ಯಾವ ಅಧಿಕಾರಿಗೂ ನೀವು ಬಾರದಿದ್ದ ಸುದ್ದಿ ತಲುಪಲಿಲ್ಲ. ತಲುಪಿದ್ದು ನಾಲ್ಕು ತಟ್ಟೆಗಳನ್ನು ಹಿಂದಕ್ಕೆ ಒಯ್ದವನಿಗೆ ಮಾತ್ರ.

"ಸ್ವದೇಶಿ ಚಳವಳಿಯ ಪಾಠ ಮಾಡಿದವರು ನೀವೇ ಅಲ್ಲವೇ?" ಎಂದು ಗುಬ್ಬಿಯ ಶಿಷ್ಯ ಕೇಳಿದ್ದಾನೆ. ಹೌದಪ್ಪಾ, ನಾನೇ ಮಾಡಿದ್ದು. ನೀನು ಅರ್ಧ ಪಾಠ ಕೇಳಿ ಎದ್ದುಹೋದಂತೆ ಕಾಣುತ್ತದೆ. 1905ರಲ್ಲಿ ಬಹಿಷ್ಕಾರಕ್ಕೆ ಒಳಗಾದದ್ದು ಮ್ಯಾಂಚೆಸ್ಟರಿನ ಬಟ್ಟೆ, ಕೆಲಸ ಸಿಕ್ಕಿದ್ದು ಇಲ್ಲಿಯ ನೇಕಾರನಿಗೆ. ನಿನ್ನ ಬಹಿಷ್ಕಾರದಲ್ಲಿ ಕೆಲಸ ಕಳೆದುಕೊಳ್ಳುವವನೇ ಇಲ್ಲಿಯ ನೇಕಾರ. ಇನ್ನೊಂದು ಮಾತು: 1931ರಲ್ಲಿ ಗಾಂಧೀಜಿ ಇಂಗ್ಲೆಂಡಿಗೆ ಹೋದಾಗ, ತಮ್ಮ ಚಳವಳಿಯಿಂದ ಪೆಟ್ಟು ತಿಂದ ಲ್ಯಾಂಕಾಶೈರಿನ ಗಿರಣಿ ಕಾರ್ಮಿಕರನ್ನು ಹುಡುಕಿಕೊಂಡು ಡಾರ್ವೆನ್ ಪಟ್ಟಣಕ್ಕೆ ಹೋಗಿ, ಅವರ ನಡುವೆ ನಿಂತು ತಮ್ಮ ಕಾರಣವನ್ನು ಹೇಳಿದರು. ಬಹಿಷ್ಕಾರ ಮಾಡುವವನಿಗೆ ಆ ಎದೆಗಾರಿಕೆ ಇರಬೇಕು. ರಾತ್ರಿ ಹತ್ತು ಗಂಟೆಗೆ ವಾಟ್ಸ್ಯಾಪಿನಲ್ಲಿ ಒಂದು ಸಾಲು ಗೀಚಿ ಮಲಗುವುದಕ್ಕೆ ಎದೆಗಾರಿಕೆ ಬೇಕಾಗುವುದಿಲ್ಲ.

ತುರ್ಕಿಯದೆಂಬ ಕಾರಣಕ್ಕೇ ಎಲ್ಲವನ್ನೂ ಬಿಡುವುದಾದರೆ ಪೂರ್ತಿ ಬಿಡಬೇಕು. 1453 ಎಂದೊಡನೆ ನಿಮ್ಮಲ್ಲಿ ಬಹಳ ಮಂದಿ ಇಂದಿಗೂ ನಿದ್ದೆಗಣ್ಣಿನಲ್ಲೇ, "ಆಟೊಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡರು" ಎಂದು ಒಪ್ಪಿಸಬಲ್ಲಿರಿ. ಆಮೇಲೆ ಯುರೋಪಿನವರು ಸಮುದ್ರಮಾರ್ಗ ಹುಡುಕಿದರು, 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ, ಅವನ ಹಿಂದೆ ಬಂದ ಪೋರ್ಚುಗೀಸರ ಹಡಗುಗಳಲ್ಲಿ ಮೆಣಸಿನಕಾಯಿ ಬಂತು. ಭಾವನವರ ಮನೆಯ ಸಾರಿನ ಖಾರಕ್ಕೆ ಇಷ್ಟು ಉದ್ದದ ವಂಶಾವಳಿ ಇದೆ. ಕಾಫಿಯ ಮಾತಂತೂ ಇನ್ನೂ ಹತ್ತಿರದ್ದು. ಅರಬ್ಬಿಯ ಕಹ್ವಾ ತುರ್ಕಿಯಲ್ಲಿ ಕಹ್ವೆಯಾಗಿ, ಅಲ್ಲಿಂದ ಡಚ್ಚರ ಬಾಯಿಗೆ, ಇಂಗ್ಲಿಷರ ಬಾಯಿಗೆ ಬಿದ್ದು ನಮ್ಮಲ್ಲಿ ಕಾಫಿಯಾಯಿತು. ಹದಿನಾರನೆಯ ಶತಮಾನದ ನಡುವಿನಲ್ಲೇ ಇಸ್ತಾಂಬುಲಿನಲ್ಲಿ ಕಾಫಿ ಅಂಗಡಿಗಳಿದ್ದವು. ಬಾಬಾಬುಡನ್ ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ನಮ್ಮ ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರೆಂಬ ಪ್ರತೀತಿಯನ್ನು ನೀವೆಲ್ಲ ಬಲ್ಲಿರಿ. ಭಾವನವರು ಆ ಸಂದೇಶವನ್ನು ಬರೆದದ್ದು ಊಟವಾದ ಮೇಲಿನ ಕಾಫಿ ಕುಡಿಯುತ್ತಲೇ ಎಂದು ನನ್ನ ತಂಗಿಯೇ ಹೇಳಿದಳು.

ಎರಡನೆಯದು ಮಾಂಸದ ಆಕ್ಷೇಪ. ದೇಶದ ಮಾತು ಸೋತ ಮೇಲೆ ಇದು ಹೊರಗೆ ಬಂತು. ನಾನೂ ಸಸ್ಯಾಹಾರಿಯೇ. ಮಾಂಸ ಬೇಯುವ ಅಡುಗೆಮನೆಯಲ್ಲಿ ಉಣ್ಣಲು ನನಗೆ ಮನಸ್ಸು ಒಗ್ಗದು ಎಂದು ಮೊದಲೇ ಹೇಳಿದ್ದರೆ ಕೈಮುಗಿದು ಸುಮ್ಮನಾಗುತ್ತಿದ್ದೆ. ಅವನು ಅದನ್ನೂ ಊಹಿಸಿ ನಮಗಾಗಿ ಬೇರೆ ಪಾತ್ರೆ, ಬೇರೆ ಒಲೆ ಇಟ್ಟಿದ್ದ. ಒಬ್ಬರ ನಾಲಿಗೆಯ ನೇಮವನ್ನು ಇನ್ನೊಬ್ಬರು ಮುರಿಯಬೇಕಾಗಿಲ್ಲ. ಆದರೆ ಮಗನ ಮದುವೆಯ ಮಾತುಕತೆಗೆಂದು ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ, ಎಲ್ಲ ಬಗೆಯ ಅಡುಗೆಯೂ ಬೇಯುವ ಜಾಗದಲ್ಲಿ, ಸಂತೋಷವಾಗಿ ಉಂಡು ಬಂದವರಿಗೆ ಇಲ್ಲಿ ಮಾತ್ರ ನೇಮ ನೆನಪಾಗುವುದಾದರೆ ಅದು ನೇಮವಲ್ಲ, ನೆಪ.

ಮೂರನೆಯದೇ ನನ್ನನ್ನು ಬರೆಯಲು ಕೂರಿಸಿದ್ದು. "ಮೇಷ್ಟ್ರಾಗಿ ನೀವು ಎಂಥ ಮಾದರಿ ಹಾಕಿಕೊಡುತ್ತಿದ್ದೀರಿ?" ಎಂಬ ಪ್ರಶ್ನೆ. ಮಾದರಿಯ ಮಾತು ಬಂದದ್ದರಿಂದ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಹಳ್ಳಿಯ ಪ್ರೌಢಶಾಲೆಯಲ್ಲೂ ಅನಂತರದ ಶಾಲೆಯಲ್ಲೂ ಮಧ್ಯಾಹ್ನದ ಹೊತ್ತು ಮಕ್ಕಳು ಬುತ್ತಿ ಬಿಚ್ಚುತ್ತಿದ್ದುದು ಮರಗಳ ಕೆಳಗೆ. ಹೊಂಗೆಯ ಕೆಳಗೆ ಕೆಲವರು, ಹುಣಸೆಯ ಕೆಳಗೆ ಕೆಲವರು, ಕಾಂಪೌಂಡಿನ ಮೂಲೆಯ ಜಾಲಿಯ ಕೆಳಗೆ ಇನ್ನು ಕೆಲವರು. ಯಾರು ಯಾವ ಮರದ ಕೆಳಗೆಂದು ಯಾರೂ ಆಜ್ಞೆ ಮಾಡಿರಲಿಲ್ಲ; ಮಕ್ಕಳು ಮನೆಯಿಂದಲೇ ಕಲಿತು ಬಂದಿದ್ದರು. ಬೆಳಗ್ಗೆ ತರಗತಿಯಲ್ಲಿ ನಾನು ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ, 15ನೆಯ ವಿಧಿ ಹೋಟೆಲು ಬಾವಿಗಳ ಬಾಗಿಲನ್ನು ಎಲ್ಲರಿಗೂ ತೆರೆದಿದೆ ಎಂದು ಬರೆಸುತ್ತಿದ್ದೆ. ಮಧ್ಯಾಹ್ನ ಸ್ಟಾಫ್ ರೂಮಿನ ಕಿಟಕಿಯಿಂದ ಆ ಮೂರು ಮರಗಳನ್ನು ನೋಡುತ್ತಾ ನನ್ನ ಡಬ್ಬಿ ಮುಗಿಸುತ್ತಿದ್ದೆ. ಒಂದು ದಿನವಾದರೂ ಎದ್ದು ಹೋಗಿ ಅವರನ್ನು ಒಂದೇ ನೆರಳಿಗೆ ಕರೆಯಲಿಲ್ಲ. ಇವನೂ ಆ ಮರಗಳಲ್ಲೊಂದರ ಕೆಳಗೆ ಕುಳಿತಿದ್ದವನೇ. ಯಾವ ಮರವೆಂದು ಹೇಳುವುದಿಲ್ಲ.

ಬಹಿಷ್ಕಾರವೆಂಬ ಪದ ನಮ್ಮ ಹಳ್ಳಿಗಳಿಗೆ ಪತ್ರಿಕೆಗಳಿಂದ ಬಂದದ್ದಲ್ಲ. ನೀರು, ಬೆಂಕಿ, ಕ್ಷೌರ, ಅಂಗಡಿ ಎಲ್ಲವನ್ನೂ ಒಂದು ಮನೆಗೆ ನಿಲ್ಲಿಸುವುದಕ್ಕೆ ಆ ಹೆಸರಿತ್ತು. ಇದನ್ನು ತಡೆಯಲು ನೆರೆಯ ಮಹಾರಾಷ್ಟ್ರ 2016ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಒಬ್ಬನು ಬಡಿಸಿದ್ದನ್ನು ಉಣ್ಣದಿರುವುದು ನಮ್ಮ ನಾಡಿನಲ್ಲಿ ಎಂದೂ ಬರಿಯ ಊಟದ ಮಾತಾಗಿರಲಿಲ್ಲ. "ನೀನು ನಮ್ಮವನಲ್ಲ" ಎಂದು ಹೇಳುವ ಅತಿ ಹಳೆಯ ರೀತಿ ಅದು. ತುರ್ಕಿಯ ಸರ್ಕಾರದ ಮೇಲೆ ನಿಮಗಿದ್ದ ಸಿಟ್ಟು ನ್ಯಾಯವಾದದ್ದೇ ಇರಬಹುದು. ಅದಕ್ಕೆ ಕೈಗೆ ಸಿಕ್ಕ ಆಯುಧ ಮಾತ್ರ ಅಟ್ಟದ ಮೇಲೆ ಎತ್ತಿಟ್ಟಿದ್ದ ಆ ಹಳೆಯ ಆಯುಧವೇ.

ಬಟವಾಡಿಯಿಂದ ಕ್ಯಾತ್ಸಂದ್ರದ ಕಡೆಗೆ ಸ್ವಲ್ಪ ದೂರ ಹೋದರೆ ಸಿದ್ಧಗಂಗೆ. 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಅಲ್ಲಿ ಸಾವಿರಾರು ಮಕ್ಕಳು, ಎಲ್ಲ ಜಾತಿ ಮತದವರು, ಒಂದೇ ಪ್ರಾಂಗಣದಲ್ಲಿ ಸಾಲಾಗಿ ಕುಳಿತು ಉಂಡರು, ಇಂದೂ ಉಣ್ಣುತ್ತಿದ್ದಾರೆ. ನಾವೆಲ್ಲ ಹೊರಗಿನವರ ಮುಂದೆ ಆ ದಾಸೋಹದ ಹೆಮ್ಮೆ ಹೇಳಿಕೊಳ್ಳುವವರು. ಭಾವನವರು ಅಲ್ಲಿಗೆ ಪ್ರತಿವರ್ಷ ಅಕ್ಕಿ ಕಳುಹಿಸುತ್ತಾರೆಂಬುದೂ ನನಗೆ ಗೊತ್ತು, ಅದಕ್ಕಾಗಿ ಅವರ ಮೇಲೆ ಗೌರವವಿದೆ. ಆದರೆ ಅಕ್ಕಿ ಕೊಡುವಾಗ ನಮ್ಮ ಕೈ ಮೇಲಿರುತ್ತದೆ. ಇನ್ನೊಬ್ಬ ಪ್ರೀತಿಯಿಂದ ಕೊಟ್ಟದ್ದನ್ನು ತೆಗೆದುಕೊಳ್ಳುವಾಗ ಕೈ ಕೆಳಗೆ ಚಾಚಬೇಕಾಗುತ್ತದೆ. ನಮ್ಮ ಪೈಕಿ ಅನೇಕರಿಗೆ ಬಾರದಿರುವುದು ಈ ಎರಡನೆಯ ವಿದ್ಯೆ.

ಊಟ ಮುಗಿಸಿ ಹೊರಡುವಾಗ ಅವನು ಬಿಲ್ಲು ಕೊಡಲಿಲ್ಲ. ನಾನು ಒತ್ತಾಯಿಸಿದ್ದಕ್ಕೆ, "ಸಾರ್, ಇನ್ನೊಂದು ಸಲ ಬಂದಾಗ ಕೊಡಿ" ಎಂದ. ವ್ಯಾಪಾರ ಹೇಗಿದೆಯೆಂದು ಕೇಳಿದ್ದಕ್ಕೆ, ಮೂವರು ಹುಡುಗರನ್ನು ಆ ವಾರ ಊರಿಗೆ ಕಳುಹಿಸಿದರೆಂದು ಹೇಳಿ ಮಾತು ಬದಲಿಸಿದ.

ಆದ್ದರಿಂದ ಆ ಬಿಲ್ಲನ್ನು ತೀರಿಸಲು ಮುಂದಿನ ತಿಂಗಳ ಎರಡನೆಯ ಭಾನುವಾರ ನಾನು ಮತ್ತೆ ಹೋಗುತ್ತಿದ್ದೇನೆ. ಈ ಸಲವೂ ಎಂಟು ತಟ್ಟೆ ಇಡಲು ಹೇಳಿದ್ದೇನೆ. ಬರುವವರು ಶುಕ್ರವಾರದೊಳಗೆ ತಿಳಿಸಿ. ಬಾರದವರು ಕಾರಣವನ್ನು ಪೂರ್ಣ ವಾಕ್ಯಗಳಲ್ಲಿ ಬರೆದು, ನನಗಲ್ಲ, ಅವನಿಗೆ ಕಳುಹಿಸಿ. ವಿಳಾಸವನ್ನು ನಾನು ಕೊಡುತ್ತೇನೆ. ಭಾವನವರಿಗೆ ಈ ಆಹ್ವಾನ ಎಲ್ಲರಿಗಿಂತ ಮೊದಲು.

ಇಂತು,
ನಿಮ್ಮ ಮೇಷ್ಟ್ರು
ಬಟವಾಡಿ, ತುಮಕೂರು