ಮುಳುಗಿದ ಊರು, ನೋಡುವ ವಯಸ್ಸು

ಬಾಳಿನ ದೊಡ್ಡ ಸಂಗತಿಗಳು ಎಲ್ಲರಿಗೂ ಒಂದೇ ಬಗೆಯಾಗಿ ತೋರುತ್ತವೆಂದು ಭಾವಿಸುವುದು ವಾಡಿಕೆ. ಅದು ಪೂರ್ಣ ಸತ್ಯವಲ್ಲ. ನೋಡುವವನ ವಯಸ್ಸೂ ನೋಟದೊಳಗೆ ಬೆರೆತಿರುತ್ತದೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ ಕಪಿಲೆಗೆ ಅಡ್ಡಲಾಗಿ ಕಟ್ಟಿದ ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಹಲವು ಹಳ್ಳಿಗಳು ನೀರಿನ ಪಾಲಾದವು. ಪುನ್ನಾಟರ ರಾಜಧಾನಿಯಾದ ಕೀರ್ತಿಪುರವೇ ಇದೆಂದು ವಿದ್ವಾಂಸರು ಗುರುತಿಸಿರುವ ಕಿತ್ತೂರನ್ನೂ ಹಿನ್ನೀರು ಆವರಿಸಿತು. ನೀರು ಎಲ್ಲರ ಮನೆಗೂ ಸಮನಾಗಿಯೇ ಏರಿತು. ಆದರೆ ಒಂದೇ ಜಗಲಿಯ ಮೇಲೆ ಕುಳಿತ ಅಜ್ಜನಿಗೂ ಮಗನಿಗೂ ಪ್ರಾಯಕ್ಕೆ ಬಂದ ಮೊಮ್ಮಗನಿಗೂ ಅದು ಒಂದೇ ಆಗಿ ಕಂಡಿರಲಾರದು.

ಇಪ್ಪತ್ತರ ಯುವಕನು ಮುಂದಣ ದಾರಿಯನ್ನು ನೋಡುತ್ತಾನೆ. ಹೊಸ ಊರು ಅವನಿಗೆ ಹೊಸ ಅವಕಾಶ. ನಲವತ್ತೈದರ ಗೃಹಸ್ಥನು ಲೆಕ್ಕ ಹಾಕುತ್ತಾನೆ: ಪರಿಹಾರದ ಹಣವೆಷ್ಟು, ಹೊಸ ಭೂಮಿಯ ಮಣ್ಣೆಂತಹುದು, ಮಗಳ ಮದುವೆ ಹೇಗೆ? ಎಪ್ಪತ್ತರ ವೃದ್ಧನ ಕಣ್ಣಿಗೆ ಬೀಳುವುದು ಹಿರಿಯರ ಸಮಾಧಿಗಳು. ಕಳೆದುದಕ್ಕೆ ಪ್ರತಿಯಾಗಿ ಮತ್ತೊಂದನ್ನು ಕಟ್ಟಲು ಅವನಲ್ಲಿ ಕಾಲ ಉಳಿದಿಲ್ಲ. ಇದನ್ನು ಬರಿಯ ಮುಪ್ಪಿನ ಮೋಹವೆನ್ನುವುದು ಅನ್ಯಾಯ.

ಅಂದು ಇಪ್ಪತ್ತರಲ್ಲಿದ್ದವರು ಇಂದು ಎಪ್ಪತ್ತನ್ನು ದಾಟಿದ್ದಾರೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದಡದಲ್ಲಿ ನಿಂತು ತಮ್ಮ ಊರಿದ್ದ ಜಾಗವನ್ನು ಮೊಮ್ಮಕ್ಕಳಿಗೆ ತೋರಿಸುವ ಸರದಿ ಈಗ ಅವರದು. ಅಜ್ಜನ ಮೌನದ ಅರ್ಥ ಅವರಿಗೆ ತಿಳಿಯಲು ಅಜ್ಜನ ವಯಸ್ಸೇ ಬರಬೇಕಾಯಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿದ ಟಿಬೆಟನ್ನರಲ್ಲಿಯೂ ಇಂತಹ ಭೇದ ಸಹಜ: ಬೆಳೆದ ಮೇಲೆ ನಾಡು ತೊರೆದವರ ನೆನಪು ಬೇರೆ, ತೋಳಿನಲ್ಲಿ ಎತ್ತಿ ತಂದ ಮಕ್ಕಳ ನೆನಪು ಬೇರೆ.

ಹಾಗಾದರೆ ವಯಸ್ಸಾದವರದೇ ನಿಜವಾದ ನೋಟವೆ? ಅಲ್ಲ. ಶರಣರ ಷಟ್‌ಸ್ಥಲವು ಅರಿವಿಗೆ ಮೆಟ್ಟಿಲುಗಳನ್ನು ಹೇಳಿತೇ ಹೊರತು ಆ ಮೆಟ್ಟಿಲುಗಳನ್ನು ವರ್ಷಗಳಿಂದ ಅಳೆಯಲಿಲ್ಲ. ಯುವಕನ ಭರವಸೆಯಿಲ್ಲದಿದ್ದರೆ ಹೊಸ ಊರು ಏಳುತ್ತಿರಲಿಲ್ಲ; ಗೃಹಸ್ಥನ ಲೆಕ್ಕವಿಲ್ಲದಿದ್ದರೆ ಒಲೆ ಉರಿಯುತ್ತಿರಲಿಲ್ಲ. ಮೂರು ನೋಟಗಳೂ ಕೂಡಿದಾಗಲೇ ಸಂಗತಿ ಪೂರ್ಣವಾಗುತ್ತದೆ.

ಆದಕಾರಣ ಜಮೀನು ಮಾರುವಾಗ, ಮನೆ ಪಾಲಾಗುವಾಗ, ಊರು ಬಿಟ್ಟು ಮೈಸೂರು ಸೇರುವಾಗ ಹಿರಿಯರನ್ನು ಮೊದಲೇ ಕೇಳುವುದು ಲೇಸು. ನಿರ್ಧಾರವಾದ ಮೇಲೆ ಸಮಾಧಾನ ಹೇಳುವುದು ಕೇಳಿದಂತಾಗದು. ಮುಳುಗಿದ ಹಳ್ಳಿಗಳನ್ನು ಪ್ರಾಯದ ಕಣ್ಣಿನಿಂದ ಕಂಡವರು ದಿನೇದಿನೇ ವಿರಳರಾಗುತ್ತಿದ್ದಾರೆ. ವಿದ್ಯಾರ್ಥಿಗಳು ಬರುವ ಬೇಸಿಗೆ ರಜೆಯಲ್ಲಿ ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಲಿ. ಅರ್ಥ ಈಗಲೇ ಆಗದಿದ್ದರೂ ಚಿಂತೆಯಿಲ್ಲ. ಅದಕ್ಕೆ ಅವರ ಮುಂದೆ ಕಾಲವಿದೆ.