ಕೊನೆ ಗೊತ್ತಿದ್ದರೆ ಕಥೆ ಸಪ್ಪೆಯೇ?

ಮಕ್ಕಳೇ, ಯಾರಾದರೂ ಕಥೆಯ ಕೊನೆಯನ್ನು ಮೊದಲೇ ಹೇಳಿಬಿಟ್ಟರೆ ನಿಮಗೆ ಸಿಟ್ಟು ಬರುತ್ತದೆ, ಅಲ್ಲವೇ? ಅದರಲ್ಲಿ ತಪ್ಪಿಲ್ಲ. ಪತ್ತೇದಾರಿ ಕಥೆ ಒಗಟಿನ ಹಾಗೆ. ಕಳ್ಳ ಯಾರೆಂದು ನಾವೇ ಊಹಿಸಬೇಕು. ಉತ್ತರ ಹೇಳಿಬಿಟ್ಟರೆ ಒಗಟಿನಲ್ಲಿ ಉಳಿಯುವುದೇನು?

ಆದರೆ ಪುಣ್ಯಕೋಟಿಯ ಕಥೆ ನೋಡಿ. ಹಸು ಕೊಟ್ಟ ಮಾತಿಗೆ ತಪ್ಪದೆ ಮರಳಿ ಬರುತ್ತದೆ, ಹುಲಿ ಅದನ್ನು ತಿನ್ನುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಅದು ಕರುವನ್ನು ಬಿಟ್ಟು ಹೊರಡುವಾಗ ಗಂಟಲು ಕಟ್ಟುತ್ತದೆ. ಮೊದಲ ಸಲ ಕೇಳುವಾಗ ‘ಮುಂದೇನು?’ ಎಂಬ ಆತುರ. ಎರಡನೆಯ ಸಲ ಕರುವಿನ ಮುಖ ಕಾಣುತ್ತದೆ. ಮೂರನೆಯ ಸಲ ಹುಲಿಯ ಮನಸ್ಸೂ ಕಾಣುತ್ತದೆ.

ಯಕ್ಷಗಾನದ ‘ಕರ್ಣಪರ್ವ’ ನೋಡಲು ಬಂದವರಿಗೆ ಕರ್ಣ ಸಾಯುತ್ತಾನೆಂದು ಗೊತ್ತು. ಆದರೂ ನಿದ್ದೆಗೆಟ್ಟು ಕೂರುತ್ತಾರೆ. ವೇಷಧಾರಿ ಮಾತನ್ನು ಬಾಯಿಪಾಠ ಮಾಡಿ ಬರುವುದಿಲ್ಲ, ರಂಗದ ಮೇಲೆಯೇ ಕಟ್ಟುತ್ತಾನೆ. ಇಂದಿನ ಕರ್ಣ ಏನು ಹೇಳುತ್ತಾನೋ ಎಂಬುದೇ ಕುತೂಹಲ.

2011ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಸಂಶೋಧಕರು 12 ಸಣ್ಣ ಕಥೆಗಳನ್ನು ಹಲವರಿಂದ ಓದಿಸಿದರು. ಕೊನೆ ತಿಳಿದು ಓದಿದವರೇ ಹೆಚ್ಚು ಮೆಚ್ಚಿದರು! ಮುಂದಿನ ಕೆಲವು ಪ್ರಯೋಗಗಳಲ್ಲಿ ಇದಕ್ಕೆ ವಿರುದ್ಧವಾದ ಫಲವೂ ಬಂದಿದೆ.

ಹಾಗೆಂದು ತಮ್ಮ ತಂಗಿಯರಿಗೆ ಕೊನೆ ಹೇಳಿಬಿಡಬೇಡಿ. ಮೊದಲ ಸಲದ ಬೆರಗು ಒಂದೇ ಸಲ ಸಿಗುವುದು. ಅದು ಅವರ ಪಾಲಿನದು.

ಅಜ್ಜ ಅಜ್ಜಿಯರೇ, ‘ಅದೇ ಕಥೆ ಹೇಳಿ’ ಎಂದು ಮೊಮ್ಮಗು ಹಟ ಹಿಡಿದರೆ ಬೇಸರಿಸಬೇಡಿ, ಮತ್ತೆ ಹೇಳಿ. ನಡುವೆ ಒಂದು ಮಾತು ಬಿಟ್ಟು ನೋಡಿ, ಅದೇ ತಿದ್ದುತ್ತದೆ!