ಮೂರನೆಯ ಕೋವಿ ಯಾರಿಗೆ ಬೇಕು?

2019ರ ಡಿಸೆಂಬರಿನಲ್ಲಿ ಸಂಸತ್ತು ಶಸ್ತ್ರಾಸ್ತ್ರ ಕಾಯ್ದೆಯನ್ನು ತಿದ್ದಿ, ಒಬ್ಬ ಲೈಸೆನ್ಸುದಾರ ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮಸೂದೆಯಲ್ಲಿ ಮೊದಲು ಇದ್ದದ್ದು ಒಂದೇ, ಗದ್ದಲವೆದ್ದು ಎರಡಾಯಿತು. ಮೂರನೆಯದನ್ನು ವರ್ಷದೊಳಗೆ ಠಾಣೆಗೋ ಲೈಸೆನ್ಸಿರುವ ಡೀಲರಿಗೋ ಒಪ್ಪಿಸಬೇಕಿತ್ತು. ಆ ಸಂಕಟ ಇನ್ನೂ ಪೂರ್ತಿ ಆರಿಲ್ಲ. ಅಜ್ಜನ ಕೋವಿ, ಮನೆತನದ ಮರ್ಯಾದೆ, ಶಿಕಾರಿಯ ಪರಂಪರೆ ಎಂಬ ಮಾತುಗಳು ದೊಡ್ಡ ತೋಟದ ಮನೆಗಳ ಜಗಲಿಯಲ್ಲಿ ಈಗಲೂ ಕಿವಿಗೆ ಬೀಳುತ್ತವೆ.

ಅವರ ವಾದದಲ್ಲಿ ತೂಕವಿರುವುದು ಒಂದಕ್ಕೆ: ಪ್ರಾಣಿಗೆ ತಕ್ಕ ಕೋವಿ. ಹಾರುವ ಹಕ್ಕಿಗೆ ಚರೆಯ ತೋಟಾ ಬೇಕು, ದೂರದ ಕಡವೆಗೆ ರೈಫಲ್ಲು ಬೇಕು. ಸಣ್ಣ ಗುಂಡಿನಿಂದ ದೊಡ್ಡ ಪ್ರಾಣಿಯನ್ನು ಗಾಯ ಮಾಡಿ ಬಿಡುವುದು ಶಿಕಾರಿಯಲ್ಲ, ಕ್ರೌರ್ಯ. ಒಪ್ಪಿದೆ. ಬೇಟೆಗೆ ಕಾನೂನಿನ ಅನುಮತಿಯಿರುವ ಅಮೆರಿಕದಲ್ಲಿ ಕೂತು ಯಾರಾದರೂ ಹೀಗೆಂದರೆ ನಾನೂ ತಲೆದೂಗುತ್ತೇನೆ. ಇಲ್ಲಿ? 1972ರ ವನ್ಯಜೀವಿ ಕಾಯ್ದೆ ಬೇಟೆಗೆ ಬೇಲಿ ಹಾಕಿತು, 1991ರ ತಿದ್ದುಪಡಿ ಉಳಿದಿದ್ದ ಕಂಡಿಗಳನ್ನೂ ಮುಚ್ಚಿತು. ಕಡವೆಯೂ ಇಲ್ಲ, ಕಾಡುಕೋಳಿಯೂ ಇಲ್ಲ. ಹಾಗಾದರೆ ಆ ಬೇರೆ ಬೇರೆ ಕೋವಿಗಳು ಯಾವ ಬೇರೆ ಬೇರೆ ಪ್ರಾಣಿಗಳಿಗೆ? ನಿಜ ಹೇಳಿದರೆ ಅರಣ್ಯ ಇಲಾಖೆಯ ಜೀಪು ಅಂಗಳಕ್ಕೆ ಬರುತ್ತದೆ. ಅದಕ್ಕೇ ಪರಂಪರೆ ಎನ್ನುತ್ತಾರೆ.

ಸಾಹಿತ್ಯವನ್ನೂ ಸಾಕ್ಷಿಗೆ ಎಳೆಯುತ್ತಾರೆ. ತೇಜಸ್ವಿ ಕನ್ನಡಕ್ಕೆ ತಂದ ಆಂಡರ್ಸನ್, ಕಾರ್ಬೆಟ್ ಓದಿ ಕಾಡಿನ ಹುಚ್ಚು ಹಿಡಿಸಿಕೊಂಡವರಲ್ಲಿ ನಾನೂ ಒಬ್ಬ. ಆದರೆ ಆ ಪುಟಗಳಿಂದ ನೆನಪಿನಲ್ಲಿ ಉಳಿಯುವುದು ಕೋವಿಗಳ ಸಾಲಲ್ಲ. ಕೆನೆತ್ ಆಂಡರ್ಸನ್ ಹೆಸರಿಗೆ ಅಂಟಿಕೊಂಡಿರುವುದು ಒಂದು .405 ವಿಂಚೆಸ್ಟರ್. ಕಾರ್ಬೆಟ್ ಎಂದರೆ, ಚಂಪಾವತದ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಉಡುಗೊರೆಯಾಗಿ ಬಂದ .275 ರಿಗ್ಬಿ, ಜೊತೆಗೊಂದು ಜೋಡಿನಳಿಗೆಯ ರೈಫಲ್ಲು. ಅವರ ಮನೆಯಲ್ಲಿ ಬೇರೆ ಕೋವಿಗಳೇ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಕತ್ತಲಲ್ಲಿ ನರಭಕ್ಷಕನಿಗಾಗಿ ಕಾಯುವವನ ಕೈ ತನಗೆ ಚೆನ್ನಾಗಿ ಗೊತ್ತಿರುವ ಒಂದನ್ನೇ ಹುಡುಕುತ್ತದೆ. ಕೋವಿಗಳ ಸಾಲು ಶೋಭಿಸುತ್ತಿದ್ದದ್ದು ಅರಮನೆಗಳಲ್ಲಿ. ಊರ ಜನ ತಮಟೆ ಬಡಿದು ಅಟ್ಟಿಕೊಟ್ಟ ಹುಲಿಗೆ ಆನೆಯ ಮೇಲೆ ಕೂತು ಗುರಿಯಿಡುತ್ತಿದ್ದವರಲ್ಲಿ. ನಮ್ಮ ಜಗಲಿಯ ಶಿಕಾರಿಗಳು ಓದುವುದು ಕಾರ್ಬೆಟ್‌ನನ್ನು, ಆಗಬೇಕೆಂದಿರುವುದು ಮಹಾರಾಜ.

ಇನ್ನು ಕೊಡಗು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಅಲ್ಲಿ ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. (ಹೆಣ್ಣುಮಗುವಿಗೆ ಯಾಕಿಲ್ಲ ಎಂಬ ಜಗಳ ಬೇರೆ ಇದೆ, ಅದು ಇನ್ನೊಂದು ವಾರಕ್ಕಿರಲಿ.) ಪರಂಪರೆ ಎಂದರೆ ಇದು. ಇದಕ್ಕೆ ಮನೆಗೊಂದು ಜೋಡಿನಳಿಗೆ ಧಾರಾಳವಾಗಿ ಸಾಕು. ಅಜ್ಜನ ನೆನಪೇ ಮುಖ್ಯ ಎನ್ನುವವರನ್ನು ಕೇಳುತ್ತೇನೆ: ಮೂರನೆಯದರ ಕುದುರೆ ಕಳಚಿ, ನಳಿಗೆ ಮುಚ್ಚಿಸಿ ಗೋಡೆಗೆ ತೂಗುಹಾಕಿಕೊಳ್ಳಿ ಎಂದರೆ ಒಪ್ಪುತ್ತೀರಾ?

ನನಗೆ ಸಿಟ್ಟಿರುವುದು ಇವರ ಗೋಳಿನಲ್ಲಿ ಮುಳುಗಿಹೋದ ಇನ್ನೊಬ್ಬನ ಗೋಳಿಗಾಗಿ. ಕಾಡಂಚಿನಲ್ಲಿ ಎರಡೆಕರೆ ಗದ್ದೆ, ಪಕ್ಕದಲ್ಲಿ ಒಂದಿಷ್ಟು ಬಾಳೆ, ಅಡಿಕೆ ಇಟ್ಟುಕೊಂಡವನ ಬಳಿ ಇರುವುದು ಒಂದೇ ಕೋವಿ. ಬೆಳೆ ರಕ್ಷಣೆಯ ಲೈಸೆನ್ಸಿನದು, ಬಹುಪಾಲು ಹಳೆಯ ಕೇಪಿನ ಕೋವಿ. ಅವನು ಅದರಿಂದ ಆಕಾಶಕ್ಕೆ ಒಂದು ಈಡು ಹೊಡೆದರೆ ಹಂದಿಗಳು ಆ ರಾತ್ರಿಗೆ ಓಡುತ್ತವೆ. ಚುನಾವಣೆ ಘೋಷಣೆಯಾಯಿತೋ, ಅದನ್ನು ಹೊತ್ತು ಠಾಣೆಗೆ ನಡೆಯಬೇಕು. ಫಲಿತಾಂಶ ಬಂದ ಮೇಲೆ ಮತ್ತೆ ಅಲೆದು ತರಬೇಕು. 2023ರಲ್ಲಿ ವಿಧಾನಸಭೆಗೆ, 2024ರಲ್ಲಿ ಲೋಕಸಭೆಗೆ. ನೀತಿಸಂಹಿತೆ ಹಂದಿಗಳಿಗೆ ಅನ್ವಯಿಸುವುದಿಲ್ಲ. ಯಾರದನ್ನು ಒಪ್ಪಿಸಿಕೊಳ್ಳಬೇಕು, ಯಾರದನ್ನು ಬಿಡಬೇಕು ಎಂದು ನೋಡಲು ಜಿಲ್ಲೆಗೊಂದು ಸ್ಕ್ರೀನಿಂಗ್ ಸಮಿತಿ ಇರುತ್ತದೆ. ಕೋವಿ ಕಳೆದುಕೊಂಡು ವಾರಗಟ್ಟಲೆ ಡಬ್ಬ ಬಡಿಯುವವನಿಗೆ ಆ ಸಮಿತಿಯ ಮುಂದೆ ಅರ್ಜಿ ಬರೆದುಕೊಡುವವರು ಯಾರು? ಪರಂಪರೆಯ ಮಾತಾಡುವವರ ಬಾಯಲ್ಲಿ ಈ ಮನುಷ್ಯನ ಸುದ್ದಿ ಬಂದದ್ದನ್ನು ನಾನಂತೂ ಕೇಳಿಲ್ಲ.

ಅವನ ಒಂದು ಕೋವಿಯನ್ನು ಚುನಾವಣೆಯಲ್ಲೂ ಅವನ ಮನೆಯಲ್ಲೇ ಬಿಡಿ ಎಂದು ಕೇಳಲು ಜಿಲ್ಲಾಧಿಕಾರಿಯ ಕಚೇರಿಗೆ ಯಾರಾದರೂ ಹೊರಟರೆ ನಾನೂ ಬರುತ್ತೇನೆ. ಮೂರನೆಯ ಕೋವಿಯ ಅಹವಾಲಿಗೆ ಸಹಿ ಹಾಕು ಎಂದು ಮಾತ್ರ ನನ್ನನ್ನು ಕೇಳಬೇಡಿ.